ಮೂರೂವರೆ ವೋಲ್ಟು

ಮಾರ್ಚ್ 6, ಸೋಮವಾರ. ಬೆಳಿಗ್ಗೆ 6.40

ಪೇಸ್ಟ್ ಇಲ್ಲದೆ ಹಲ್ಲುಜ್ಜಿದ್ದಾಯಿತು. ಗಂಜಿ ತಿಳಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದ್ದಾಯಿತು. ನಿನ್ನೆ ಮಧ್ಯಾಹ್ನದಿಂದ ಮೆಣಸಿನಕಾಯಿ ಮುಟ್ಟಿಲ್ಲ. ಖಾರಕ್ಕೆ ಹೆಸರಾದ ಹುನಾನಿನಲ್ಲಿ ಹುಟ್ಟಿದವಳಿಗೆ ವಾರಕ್ಕೆ ಮೂರು ದಿನ ಈ ಪಥ್ಯ. ಬಾಣಂತಿಗಾದರೂ ಒಂದು ತಿಂಗಳಿಗೆ ಮುಗಿಯುತ್ತದೆ, ನನ್ನದು ಆರು ವರ್ಷದಿಂದ ನಡೆದಿದೆ. ಕೆಳಗೆ ಚುವಾನ್ ಶಟರ್ ಎತ್ತಿದ ಸದ್ದು. ಪಾಳಿ ಬಿಟ್ಟವರು ಆಗಲೇ ಅಕ್ಕಿ ಶ್ಯಾವಿಗೆಗೆ ಸಾಲು ನಿಂತಿರುತ್ತಾರೆ. ಅವನ ದನದ ಮೂಳೆಯ ಸಾರಿಗೆ ಶಾಜಿಂಗಿನ ಈ ಓಣಿಯಲ್ಲಿ ಸಾಟಿ ಇಲ್ಲ. ಗಂಡ ಅಂತ ಹೊಗಳುತ್ತಿಲ್ಲ.

ಮಧ್ಯಾಹ್ನ 12.20, ಕ್ಯಾಂಟೀನು

ಹತ್ತು ಇ-ಸಿಗರೇಟ್ ಸ್ಯಾಂಪಲ್ ಸೇದಿದೆ. ಪೀಚ್ ನಾಲ್ಕು, ಪುದೀನ ಮೂರು, ತಂಬಾಕು ಮೂರು. ಎಲ್ಲಕ್ಕೂ ಷರಾ ಬರೆದೆ. ಎರಡನೇ ಪೀಚ್ — 'ಕೊನೆಯಲ್ಲಿ ತುಸು ಕಹಿ'. ಮೂರನೇ ಪುದೀನ — 'ತಣ್ಣಗಿದೆ, ಹಸಿರು ಸಾಲದು'.

ಎಲ್ಲ ಸುಳ್ಳು. ಪೀಚೂ ತಂಬಾಕೂ ನನಗೆ ಒಂದೇ. ಬಿಸಿ ಗೊತ್ತಾಗುತ್ತದೆ. ಗಂಟಲು ಕೆರೆದರೆ ಗೊತ್ತಾಗುತ್ತದೆ. ನಡುವೆ ಏನಿರಬೇಕೋ ಅದು ಖಾಲಿ. ಡಿಸೆಂಬರಿನ ಜ್ವರದಲ್ಲಿ ಊರಿಗೆಲ್ಲ ರುಚಿ ಹೋಗಿತ್ತು, ಊರಿಗೆಲ್ಲ ಬಂತು. ಚುವಾನ್‌ಗೆ ಹನ್ನೊಂದು ದಿನಕ್ಕೆ ಬಂತು. ನನಗೂ ಬಂತು ಅಂದೆ. ಅರ್ಧ ಬಂದಿತ್ತು ಆಗ, ನಿಜ. ಹೊಸ ವರ್ಷದ ಹಬ್ಬ ಮುಗಿಯುವ ಹೊತ್ತಿಗೆ ಆ ಅರ್ಧವೂ ಹೋಯಿತು. ಇಡೀ ಕಾರ್ಖಾನೆಯಲ್ಲಿ ನನ್ನನ್ನು 'ನಾಲಿಗೆ' ಅಂತಲೇ ಕರೆಯುವುದು. ಕೇಳಿದರೆ ನಗು ಬರುತ್ತದೆ. ನಗು ಅಲ್ಲ…

ಮಾರ್ಚ್ 8, ಬುಧವಾರ

ಮಹಿಳಾ ದಿನ. ಹೆಂಗಸರಿಗೆಲ್ಲ ಒಂದೊಂದು ಹೂವು, ಅರ್ಧ ದಿನ ರಜೆ. ನನಗೆ ಹೂವು ಸಿಕ್ಕಿತು, ರಜೆ ಸಿಗಲಿಲ್ಲ. ಕಾರ್ಖಾನೆಯ ಜುವಾಂಗ್ ಸಾಹೇಬರು ಚಹಾ ಮೇಜಿಗೆ ಕರೆದರು. ಇವರು ಚಾವ್‌ಝೌ ಕಡೆಯವರು, ಬೆರಳುದ್ದದ ಲೋಟದಲ್ಲಿ ಕಷಾಯದಂಥ ಚಹಾ ಕೊಡದೆ ಒಂದು ಮಾತೂ ಆಡುವುದಿಲ್ಲ.

"ತಾನ್ ಅಕ್ಕ, ಗಿರಾಕಿಗಳಿಗೆ ಇನ್ನು ನಮ್ಮ ಸಣ್ಣ ಕಡ್ಡಿ ಬೇಡವಂತೆ. ಎಂಟು ವ್ಯಾಟ್‌ನಲ್ಲಿ ಹೊಗೆ ಸೊಳ್ಳೆಗೂ ಸಾಲಲ್ಲ ಅಂತಾರೆ."

"ಹಾಗಾದ್ರೆ ಏನು ಬೇಕಂತೆ?"

"ಪವರ್ರು! ಕೋಣೆ ತುಂಬಬೇಕು."

ಮೂರು ಮಾದರಿ ಮುಂದಿಟ್ಟರು. ಒಂದು ಹೆಬ್ಬೆರಳಿನಷ್ಟು ದಪ್ಪ, ಒಂದು ಬೆಂಕಿಪೊಟ್ಟಣದ ಹಾಗೆ, ಇನ್ನೊಂದು ಸೋಪಿನಷ್ಟು. ಒಳಗೆ ತಂತಿ ಸುರುಳಿಯ ಬದಲು ಜಾಲರಿ ಕಾಯಿಲ್, ದೊಡ್ಡ ಬ್ಯಾಟರಿ, ಇಪ್ಪತ್ತೈದು ವ್ಯಾಟ್‌ವರೆಗೆ ಹೋಗುತ್ತದೆ. ಮೊದಲು ಯಾವ ಮಾದರಿ ಅಂತ ನಾವು ಹೇಳಬೇಕು. ಆಮೇಲೆ ಎಷ್ಟು ವೋಲ್ಟಿಗೆ ಇಟ್ಟು ಕಳಿಸುವುದು ಅಂತ ಹೇಳಬೇಕು. ಕಡಿಮೆಯಾದರೆ ರಸ ಕಾಯುವುದೇ ಇಲ್ಲ, ಒದ್ದೆ ಹೊಗೆ. ಜಾಸ್ತಿಯಾದರೆ ಸಿಹಿ ಸೀದು, ಆಮೇಲೆ ರಸ ಹೀರುವ ಹತ್ತಿಯೇ ಸುಡುತ್ತದೆ. ಫಾರಂನಲ್ಲಿ ಮೊದಲ ಸಹಿ ನನ್ನದು. ತಿಂಗಳ ಕೊನೆಗೆ ಬೇಕಂತೆ, ಏಪ್ರಿಲ್‌ನಲ್ಲಿ ಮೇಳ.

"ನಿಮ್ಮ ನಾಲಿಗೆ ಇರೋವರೆಗೆ ನನಗೆ ಯೋಚನೆ ಇಲ್ಲ" ಅಂದರು. ಚಹಾ ಕುಡಿದೆ. ಬಿಸಿ ಇತ್ತು.

ಸಣ್ಣ ಕಡ್ಡಿಯಲ್ಲಿ ಇಷ್ಟು ದಿನ ಹೇಗೋ ತಳ್ಳಿದೆ — ಗಂಟಲು ಎಷ್ಟು ಕೆರೆಯಿತು ಅಂತ ನೋಡಿ ಅಂದಾಜಿಗೆ ಬರೆಯುವುದು. ಈ ದೊಡ್ಡದರಲ್ಲಿ ಎಲ್ಲವೂ ಬಿಸಿ, ಎಲ್ಲವೂ ಕೆರೆಯುತ್ತದೆ. ಇಲ್ಲಿ ನನ್ನ ಆಟ ನಡೆಯುವುದಿಲ್ಲ.

ಮಾರ್ಚ್ 10, ಶುಕ್ರವಾರ

ಮೂರು ಸ್ಟಾಪ್ ಆಚೆಯ ಆಸ್ಪತ್ರೆಗೆ ಹೋಗಿದ್ದೆ, ಪರಿಚಯದವರು ಸಿಗದಿರಲಿ ಅಂತ. ಡಾಕ್ಟರ್ ಹುಡುಗಿ ಹತ್ತಿ ಕಡ್ಡಿಯಲ್ಲಿ ಒಂದೊಂದೇ ನೀರು ಅದ್ದಿ ನಾಲಿಗೆಗೆ ಹಚ್ಚಿದಳು. ಸಿಹಿಯಾ, ಉಪ್ಪಾ, ಹುಳಿಯಾ, ಕಹಿಯಾ. ಎಂಟರಲ್ಲಿ ಒಂದು ಸರಿ ಹೇಳಿದೆ. ಅದೂ ಊಹೆ.

"ಏನು ಕೆಲಸ ಮಾಡ್ತೀರಿ ಆಂಟಿ?"

ಹೇಳಿದೆ. ಪೆನ್ನು ಕೆಳಗಿಟ್ಟಳು.

"ದಿನಕ್ಕೆ ಎಷ್ಟು ಸೇದ್ತೀರಿ?"

"ಹತ್ತು ಸ್ಯಾಂಪಲ್. ಒಂದಕ್ಕೆ ಹದಿನೈದು ದಮ್ಮು."

ಜ್ವರದಿಂದಲೋ ಕೆಲಸದಿಂದಲೋ ಹೇಳಲಾಗದಂತೆ. ಎರಡೂ ಇರಬಹುದಂತೆ. ಕೆಲಸ ಬಿಟ್ಟು ಆರು ತಿಂಗಳು ನೋಡಿ ಅಂದಳು. ಆರು ತಿಂಗಳಾದ ಮೇಲೆ ಬರುತ್ತಾ ಅಂತ ಕೇಳಿದೆ. "ನೋಡೋಣ" ಅಂದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ. ಒಂದು ಬಗೆ ಮಾತ್ರೆ ಕೊಟ್ಟಿದ್ದಾಳೆ. ಅದಕ್ಕೂ ರುಚಿ ಇಲ್ಲ.

ಮಾರ್ಚ್ 14, ಮಂಗಳವಾರ

ಮಾದರಿ ಆರಿಸಿದ್ದಾಯಿತು. ಬೆಂಕಿಪೊಟ್ಟಣದ್ದು. ಕೈಯಲ್ಲಿ ಹಿಡಿದಾಗ ಮೂರರಲ್ಲಿ ಅದೇ ಕಡಿಮೆ ಬಿಸಿಯಾಗುತ್ತದೆ. ಕೈಗಾದರೂ ಬುದ್ಧಿ ಇದೆಯಲ್ಲ.

ನಮ್ಮ ಕೋಣೆಯ ಪದ್ಧತಿ ಇದು: ಮೇಜಿನ ಮೇಲೆ ಬಟ್ಟಲುಗಳು, ಒಂದೊಂದಕ್ಕೆ ಒಂದೊಂದು ನಂಬರು. ಸೇದಿ ನೋಡಿ, ಒಪ್ಪಿದ್ದರ ಬಟ್ಟಲಿಗೆ ಒಂದು ಸೋಯಾ ಕಾಳು ಹಾಕಬೇಕು. ಮಾತಾಡುವ ಹಾಗಿಲ್ಲ. ಹಿರಿಯರು ಮೊದಲು. ಅವರು ಚಹಾ ಮುಟ್ಟದೆ ಕಿರಿಯರು ಮುಟ್ಟಬಾರದು ಅನ್ನುವ ಜುವಾಂಗ್ ಸಾಹೇಬರ ಮನೆಯ ಕ್ರಮವನ್ನೇ ಇಲ್ಲಿಗೂ ತಂದಿದ್ದಾರೆ. ಹಿರಿಯಳು ನಾನು. ಆಮೇಲೆ ಲಾಯ್, ಮೇಯ್‌ಝೌ ಕಡೆಯವನು, ಮಾತು ಕಡಿಮೆ. ಕೊನೆಗೆ ಹುವಾಮೇಯ್, ಗ್ವಾಂಗ್‌ಶಿಯವಳು, ಮಾತು ನಿಲ್ಲಿಸಿದರೆ ಸತ್ತೇ ಹೋಗುತ್ತಾಳೆ. ಇರುವುದು ಮೂರೇ ಜನ.

ನನ್ನ ಕಾಳು ಬಿತ್ತು. ಹಿಂದೆಯೇ ಅವರಿಬ್ಬರ ಕಾಳೂ ಅದೇ ಬಟ್ಟಲಿಗೆ, ಟಪ್ ಟಪ್.

ಆಗ ಹೊಳೆಯಿತು. ನಾಳೆ ವೋಲ್ಟ್ ನೋಡುವಾಗ ನಾನು ಕೊನೆಗೆ ಹಾಕಬೇಕು. ಅವರಿಬ್ಬರೂ ಎಲ್ಲಿ ಹಾಕುತ್ತಾರೋ ಅಲ್ಲೇ. ಎರಡು ಒಳ್ಳೆಯ ನಾಲಿಗೆಗಳ ಬೆನ್ನ ಹಿಂದೆ ಒಂದು ಕೆಟ್ಟ ನಾಲಿಗೆ ಅವಿತುಕೊಂಡರೆ ಯಾರಿಗೆ ಗೊತ್ತಾಗುತ್ತದೆ? ವಾರದಲ್ಲಿ ಮೊದಲ ಸಲ ಹಸಿವಾಯಿತು.

ಮಾರ್ಚ್ 15, ಬುಧವಾರ

ಬಾಯಿ ಹುಣ್ಣು ಅಂದೆ. ಇವತ್ತು ಅವರು ಮೊದಲು ಹಾಕಲಿ ಅಂದೆ. ಜುವಾಂಗ್ ಸಾಹೇಬರಿಗೆ ಇಷ್ಟವಾಗಲಿಲ್ಲ, ಆದರೂ ಹೂಂ ಅಂದರು.

ನಾಲ್ಕು ಬಟ್ಟಲು: 3.2, 3.5, 3.8, 4.1. ರಸ ಎಲ್ಲದಕ್ಕೂ ಒಂದೇ, ಪೀಚ್.

ಲಾಯ್ ಸೇದಿದ. ಸೇದಿ ಕೂತ. ನನ್ನ ಮುಖ ನೋಡಿದ. ಬಟ್ಟಲು ನೋಡಿದ. ಮತ್ತೆ ನನ್ನ ಮುಖ. ಬೆವರುತ್ತಿದ್ದ. ಕಾಳು 4.1ಕ್ಕೆ ಹಾಕಿದ. ಹುವಾಮೇಯ್ ಕಣ್ಣು ಮುಚ್ಚಿ ಏನೋ ಜಪ ಮಾಡಿ 3.2ಕ್ಕೆ ಹಾಕಿದಳು. ನಾನು ಎಲ್ಲಿಗೆ ಹಾಕಲಿ? ನಡುವೆ 3.8ಕ್ಕೆ ಹಾಕಿದೆ.

ಸಾಹೇಬರು ಸ್ಯಾಂಪಲ್ ಕಲೆಸಿ, ವೋಲ್ಟ್ ಕಾಣದ ಹಾಗೆ ಚೀಟಿ ಬದಲಿಸಿ ಎರಡನೇ ಸುತ್ತು ಮಾಡಿಸಿದರು. ಈ ಸಲ ಲಾಯ್ 3.2, ಹುವಾಮೇಯ್ 3.8. ಮೂರನೇ ಸುತ್ತು ಇನ್ನೂ ಬೇರೆ.

"ಏನ್ರೀ ಇದು, ಕಾಳು ಬಿತ್ತನೆ ಮಾಡ್ತಿದ್ದೀರಾ?"

ಹೊಸ ಕಾಯಿಲ್‌ನ ವಾಸನೆ ಇನ್ನೂ ಹೋಗಿಲ್ಲ, ಮುಂದಿನ ವಾರ ನೋಡೋಣ ಸರ್ ಅಂದೆ. ನನ್ನ ಮಾತು ಅಂತ ನಂಬಿದರು. ಅದೇ ಸಂಕಟ.

ಮಾರ್ಚ್ 16, ಗುರುವಾರ. ಮಧ್ಯಾಹ್ನ

ಕ್ಯಾಂಟೀನಿನ ಹಿಂದೆ ಖಾಲಿ ಡ್ರಮ್ಮುಗಳ ಹತ್ತಿರ ಮೂವರೂ ನಿಂತೆವು. ನಾನೇ ಕೇಳಿದೆ.

"ಲಾಯ್, ನಿಜ ಹೇಳು. ನಿನಗೆ ಏನಾದ್ರೂ ಗೊತ್ತಾಗುತ್ತಾ?"

ಅವನು ಚಪ್ಪಲಿ ನೋಡುತ್ತ ನಿಂತ. "ಎರಡು ವರ್ಷ ಆಯ್ತು ಅಕ್ಕ."

"ಎರಡು ವರ್ಷ?"

"ಪೂರ್ತಿ ಹೋಗಿ ಎರಡು ವರ್ಷ. ನೀವು ಹಾಕಿದ ಕಡೆ ಹಾಕ್ತಿದ್ದೆ. ನಿಮ್ಮ ನಾಲಿಗೆ ಇದೆಯಲ್ಲ ಅಂತ ಧೈರ್ಯ."

ಹುವಾಮೇಯ್ ಕಿಸಕ್ಕನೆ ನಕ್ಕಳು. ನಗುತ್ತಲೇ ಮೂಗು ಒರೆಸಿಕೊಂಡಳು. "ನನ್ನದು ಹೋದ ಬೇಸಿಗೆಯಿಂದ. ನನ್ನ ಗಂಡ ವಿನೆಗರ್ ಬಾಟಲಿ, ಸೋಯಾ ಬಾಟಲಿ ಅದಲು ಬದಲು ಮಾಡಿಟ್ಟು ತಮಾಷೆ ನೋಡಿದ. ಗೊತ್ತೇ ಆಗಲಿಲ್ಲ ಅಕ್ಕ. ಅವನಿಗೂ ಆಮೇಲೆ ನಗು ಬರಲಿಲ್ಲ."

ಇಬ್ಬರೂ ನನ್ನನ್ನು ನೋಡಿದರು. ಇನ್ನೇನು ಹೇಳುವುದಿದೆ. ಹೇಳಿದೆ.

ಅಂದರೆ ಹೋದ ಬೇಸಿಗೆಯಿಂದ ಆ ಕೋಣೆಯಲ್ಲಿ ರುಚಿ ನೋಡುತ್ತಿದ್ದವಳು ನಾನೊಬ್ಬಳೇ. ಹೊಸ ವರ್ಷದ ಹಬ್ಬದಿಂದ ಯಾರೂ ಇಲ್ಲ. ಲಕ್ಷಗಟ್ಟಲೆ ಡಬ್ಬಿ ಹಡಗು ಹತ್ತಿವೆ, ನನ್ನ ಸಹಿ ಹೊತ್ತು.

"ಸಾಹೇಬರಿಗೆ ಹೇಳೋಣವಾ?" ಅಂದೆ.

"ಹೇಳಿ ಎಲ್ಲಿಗೆ ಹೋಗೋದು?" ಲಾಯ್ ಅಂದ. "ಸೇದೋದು ಬಿಟ್ಟು ನಮಗೆ ಬೇರೇನು ಬರುತ್ತೆ? ಐವತ್ತೊಂದು ನನಗೆ. ಲೈನಿಗೆ ನಲವತ್ತು ದಾಟಿದವರನ್ನ ತಗೊಳ್ಳಲ್ಲ."

"ನೀವು ಯಾವುದೋ ಒಂದಕ್ಕೆ ಹಾಕಿ ಅಕ್ಕ" ಅಂದಳು ಹುವಾಮೇಯ್. "ನಾವು ನಿಮ್ಮ ಹಿಂದೆ."

ಮಾರ್ಚ್ 19, ಭಾನುವಾರ. ಸಂಜೆ 4

ಇವತ್ತು ನಾನು ಮಾಡಿದ್ದನ್ನು ಬರೆದಿಡುತ್ತೇನೆ. ಯಾಕೆ ಬರೆಯುತ್ತೇನೋ.

ಚುವಾನ್ ಸಿಗರೇಟು ಬಿಟ್ಟು ನಾಲ್ಕು ವರ್ಷ. ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದವನು. ಕೆಮ್ಮಿನಲ್ಲಿ ರಕ್ತ ಬಂದ ದಿನ ಬಿಟ್ಟ. ಏಳು ತಿಂಗಳು ಕಲ್ಲಂಗಡಿ ಬೀಜ ಕಡಿದು ಕಡಿದು ಮುಂದಿನ ಹಲ್ಲು ಸವೆಸಿಕೊಂಡ. ನಮ್ಮ ಕಾರ್ಖಾನೆಯ ಕಡ್ಡಿ ತಂದುಕೊಟ್ಟರೆ "ನಿನ್ನ ಹೊಗೆಯೂ ಬೇಡ ಅವರ ಹೊಗೆಯೂ ಬೇಡ" ಅಂತ ಎಸೆದಿದ್ದ. ಬಿಟ್ಟ ಮೇಲೆ ಅವನ ಸಾರು ಎರಡು ಪಟ್ಟು ಚೆನ್ನಾಯಿತು. ಅಳತೆ ಚಮಚ ಅವನಿಗೆ ಗೊತ್ತಿಲ್ಲ. ಸೌಟಿನ ತುದಿಯಿಂದ ಒಂದು ಹನಿ ನಾಲಿಗೆಗೆ, ಅಷ್ಟೇ.

ಊಟವಾದ ಮೇಲೆ ಹೇಳಿದೆ. ಪೂರ್ತಿ ಹೇಳಲಿಲ್ಲ. ಹಣ್ಣು, ಪುದೀನ, ಅಂಥ ನಯವಾದ ರುಚಿ ಮಾತ್ರ ಹೋಗಿದೆ, ಉಪ್ಪು ಹುಳಿ ಎಲ್ಲ ನೆಟ್ಟಗಿದೆ ಅಂದೆ. ಹಬ್ಬದಿಂದೀಚೆಗೆ ನಿನ್ನ ಸಾರು ನನಗೆ ಬಿಸಿನೀರು ಅಂತ ಅವನ ಮುಖ ನೋಡಿ ಹೇಳಲು ಆಗಲಿಲ್ಲ.

"ಈಗ ಏನು ಮಾಡ್ತೀಯೇ ಲಾನ್?"

"ನೀನೊಂದು ದಮ್ಮು ಎಳೆದು ನೋಡ್ತೀಯಾ?"

ನಾನೇ ಕೇಳಿದ್ದು. ಅವನು ಕೇಳಲಿಲ್ಲ, ಮುಂದೆ ಬರಲಿಲ್ಲ. ನಾನೇ ಚೀಲದಿಂದ ತೆಗೆದು ಕೈಗಿಟ್ಟೆ.

ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇವತ್ತೊಂದೇ ದಿನ ತಾನೇ?"

"ಇವತ್ತೊಂದೇ ದಿನ."

3.2ಕ್ಕೆ ಇಟ್ಟೆ. "ಒದ್ದೆ ರಟ್ಟು ಸೇದಿದ ಹಾಗಿದೆ ಕಣೇ." 4.1ಕ್ಕೆ ಇಟ್ಟೆ. ಒಂದೇ ದಮ್ಮಿಗೆ ಕೆಮ್ಮಿ ಕಿಟಕಿಗೆ ಓಡಿದ. "ಥೂ! ಇಸ್ತ್ರಿ ಪೆಟ್ಟಿಗೆ ಮರೆತು ಬಂದ ವಾಸನೆ. ಇದನ್ನ ಜನ ಕಾಸು ಕೊಟ್ಟು ಸೇದ್ತಾರಾ?" 3.8 — "ಸಕ್ಕರೆ ಪಾಕ ಸ್ವಲ್ಪ ಹತ್ತಿದೆ. ತಳ ಹತ್ತಿದೆ." ಆಮೇಲೆ 3.5.

ಕಣ್ಣು ಮುಚ್ಚಿದ.

"ಏನು?"

"ಪೀಚು. ಬರೀ ಸಿಹಿ ಅಲ್ಲ… ಸಿಪ್ಪೆಯ ಸುಂಕು, ಆ ನವಿರು ರೋಮ ಇರುತ್ತಲ್ಲ, ಅದರ ಸಮೇತ. ಬೀಜದ ಹತ್ತಿರ ಒಂಚೂರು ಒಗರು."

3.4, 3.6 ಕೂಡ ನೋಡಿಸಿದೆ. ಇಲ್ಲ, 3.5ಕ್ಕೇ ನಿಂತ. ಅವನ ಮಾತನ್ನೇ ಫಾರಂನಲ್ಲಿ ಇಳಿಸಿದೆ. ನಾನು ನಾಲಿಗೆ ಇದ್ದಾಗಲೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ವಾಪಸ್ ಕೊಡು ಅಂತ ಕೈ ಚಾಚಿದೆ. ಇನ್ನೊಂದು ದಮ್ಮು ಎಳೆದೇ ಕೊಟ್ಟ. ಆ ಕೊನೆಯದನ್ನು ನಾನು ಕೇಳಿರಲಿಲ್ಲ.

ಮಾರ್ಚ್ 22, ಬುಧವಾರ

ನನ್ನ ಕಾಳು 3.5ಕ್ಕೆ. ಲಾಯ್ 3.5. ಹುವಾಮೇಯ್ 3.5. ಚೀಟಿ ಬದಲಿಸಿದರು, ಮತ್ತೆ 3.5. ಸುಲಭ — ಮಾದರಿಗಳ ಕೆಳಗೆ ಲಾಯ್ ಉಗುರಿನಿಂದ ಗುರುತು ಹಾಕಿದ್ದ.

ಜುವಾಂಗ್ ಸಾಹೇಬರು ಷರಾ ಓದಿ ಮೇಜು ಕುಟ್ಟಿದರು. "ಸಿಪ್ಪೆಯ ಸುಂಕು! ಕೇಳಿದ್ರಾ? ಇಂಥ ನಾಲಿಗೆ ಇನ್ನೊಂದು ಎಲ್ಲಿದೆ?"

ಶಾಜಿಂಗ್‌ನಲ್ಲೇ ಇದೆ. ಈರುಳ್ಳಿ ಹೆಚ್ಚುತ್ತಿದೆ.

ಏಪ್ರಿಲ್ 23, ಭಾನುವಾರ

ಒಂದು ತಿಂಗಳಾಯಿತು ಬರೆದು. ಬರೆಯುವಂಥದ್ದು ಇರಲಿಲ್ಲ ಅಂತಲ್ಲ.

ಮೇಳದಲ್ಲಿ ಬೆಂಕಿಪೊಟ್ಟಣ ಗೆದ್ದಿತು. ಈಗ ಹನ್ನೊಂದು ರುಚಿ ಬೇಕಂತೆ, ಒಂದೊಂದಕ್ಕೂ ಅದರದೇ ವೋಲ್ಟು. ಪುದೀನಕ್ಕೆ ಕಡಿಮೆ, ಕಾಫಿಗೆ ಜಾಸ್ತಿ, ಕಲ್ಲಂಗಡಿ ಎಲ್ಲಿಗಿಟ್ಟರೂ ಹಟ ಮಾಡುತ್ತದೆ. ಪ್ರತಿ ಭಾನುವಾರ ಚೀಲ ತುಂಬ ತರುತ್ತೇನೆ. ಚುವಾನ್ ಒಂದು ಗಂಟೆಗೇ ಅಂಗಡಿ ಮುಚ್ಚಿ ಕೈ ತೊಳೆದು ಕೂರುತ್ತಾನೆ. ಪಾಠಕ್ಕೆ ಕೂತ ಹಾಗೆ. ಲಿಚಿ ಹಣ್ಣಿಗೆ 3.3 ಅಂದ, ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದ ರಸ ಕಲೆಸುವವರು ಕೇಳಿ ಕುಣಿದಾಡಿದರು.

"ನಾನು ಹುಟ್ಟಿದ್ದೇ ಈ ಕೆಲಸಕ್ಕೆ ಕಣೇ. ಮೂಳೆ ಕುದಿಸ್ತಾ ಕೂತಿದ್ದೆ."

ಖುಷಿಯಾಗಿದ್ದಾನೆ. ಅವನನ್ನು ಇಷ್ಟು ಖುಷಿಯಾಗಿ ನೋಡಿ ವರ್ಷಗಳಾಗಿತ್ತು. ಅದೇ ನನ್ನ ಬಾಯಿ ಕಟ್ಟಿಹಾಕಿದೆ ಅಂತ ಬರೆದರೆ ಅರ್ಧ ಸತ್ಯ. ಉಳಿದರ್ಧ — ಮಂಗಳವಾರ ನಾಲ್ಕು ಫಾರಂ ಕೊಡಬೇಕು.

ಮೇ 14, ಭಾನುವಾರ

ಬಟ್ಟೆ ಒಗೆಯಲು ಏಪ್ರನ್ ತೆಗೆದುಕೊಂಡೆ. ಜೇಬಿನಲ್ಲಿ ಗಟ್ಟಿಯಾಗಿ ಏನೋ. ಬೆಂಕಿಪೊಟ್ಟಣ. ಪೀಚ್. ಬ್ಯಾಟರಿ ಕಾಲು ಭಾಗ ಉಳಿದಿತ್ತು. ವೋಲ್ಟ್ 3.7ಕ್ಕೆ ಇತ್ತು.

"ಇದೇನು?"

"ಕೆಲಸಕ್ಕೆ."

"ಭಾನುವಾರದ್ದು ಭಾನುವಾರ ಮುಗೀತು. ಇದು ವಾರವೆಲ್ಲ ಜೇಬಲ್ಲಿ ಯಾಕಿದೆ?"

"ನಾಲಿಗೆ ಪಳಗಿರಬೇಕಲ್ಲೇ. ನೀನು ಪಳಗಿಸಿಕೊಂಡಿಲ್ವಾ?"

"ಪಳಗಿಸಿಕೊಂಡು ಏನಾಗಿದೆ ನೋಡು."

"ಅದು ಜ್ವರದ್ದು ಅಂತ ನೀನೇ ಅಂದೆ." ನಕ್ಕ. ಏಪ್ರನ್ ಕಸಿದುಕೊಂಡು ಕಟ್ಟಿಕೊಂಡ. "ಇದು ಸಿಗರೇಟಲ್ಲ ಬಿಡು ಮಾರಾಯ್ತಿ. ಹಣ್ಣಿನ ಹಬೆ."

ಹಣ್ಣಿನ ಹಬೆ. ನಮ್ಮ ಡಬ್ಬಿಯ ಮೇಲಿನ ಬರಹವನ್ನು ನನಗೇ ಓದಿ ಹೇಳುತ್ತಾನೆ.

ಕಿತ್ತುಕೊಂಡು ನೀರಿಗೆ ಹಾಕಬೇಕಿತ್ತು. ಎರಡು ನಿಮಿಷದ ಕೆಲಸ. ಹಾಕಲಿಲ್ಲ. ಚೀಲದಲ್ಲಿ ಇವತ್ತಿನ ಐದು ಸ್ಯಾಂಪಲ್ ಇದ್ದವು, ಮುನಿಸಿಕೊಂಡರೆ ನೋಡಿಕೊಡುತ್ತಾನೋ ಇಲ್ಲವೋ ಅಂತ ಲೆಕ್ಕ ಹಾಕುತ್ತಿದ್ದೆ. ನನ್ನಂಥ ಹೆಂಗಸು ಇರಬಾರದು.

ಜೂನ್ 22, ಗುರುವಾರ. ದೋಣಿ ಹಬ್ಬ

ರಜೆ. ಚುವಾನ್ ಕಡುಬು ಕಟ್ಟಿದ, ಎಲೆ ಬಿಚ್ಚಿ ತಿಂದೆವು. ಬೆಳಿಗ್ಗೆಯ ಹೊತ್ತು ಕೆಮ್ಮುತ್ತಾನೆ. ಕಫ ನೋಡಿದೆ, ಬೆಳ್ಳಗೇ ಇದೆ. ಈಗ 3.8ಕ್ಕೆ ಇಟ್ಟುಕೊಳ್ಳುತ್ತಾನೆ, ತಳ ಹತ್ತಿದೆ ಅಂದಿದ್ದನಲ್ಲ ಅದೇ 3.8.

ಜುಲೈ 9, ಭಾನುವಾರ. ಬೆಳಿಗ್ಗೆ 9.30

ಮಾಯ್ ದೊಡ್ಡಪ್ಪನ ಜೊತೆ ಜಗಳವಾಡಿದೆ. ಅವರು ಇಲ್ಲಿನ ಮೂಲದವರು, ಈ ಊರಲ್ಲಿ ಕಾರ್ಖಾನೆ ಏಳುವ ಮುಂಚೆ ಸಿಂಪಿ ತೆಗೆಯುತ್ತಿದ್ದವರು. ಏಳು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮಲ್ಲೇ ಒಂದು ಬಟ್ಟಲು. ಇವತ್ತು ಎರಡು ತುತ್ತು ತಿಂದು ಬಟ್ಟಲು ದೂಡಿದರು.

"ಏನಮ್ಮ, ನಿನ್ನ ಗಂಡ ಉಪ್ಪಿನ ಮೂಟೆ ಬೀಳಿಸಿದನಾ?"

"ನಿಮ್ಮ ಬಾಯಿಗೆ ಏನಾಗಿದೆ ದೊಡ್ಡಪ್ಪ? ದಿನದ ಸಾರೇ ಅದು."

"ನಾನು ಸಮುದ್ರದ ನೀರು ಕುಡಿದು ಬೆಳೆದವನು. ನನಗೇ ಉಪ್ಪು ಅನ್ನಿಸಿದ್ರೆ ಯೋಚನೆ ಮಾಡು. ಹದಿನೈದು ದಿನದಿಂದ ನೋಡ್ತಿದೀನಿ, ಬಾಯಿಬಿಟ್ಟು ಹೇಳಬಾರದು ಅಂತ ಸುಮ್ಮನಿದ್ದೆ."

"ಬೇಡದಿದ್ರೆ ಬೇರೆ ಕಡೆ ತಿನ್ನಿ!"

ಅಂದುಬಿಟ್ಟೆ. ಎಂಬತ್ತರ ಮುದುಕನಿಗೆ. ಅವರು ಕಾಸು ಇಟ್ಟು, ಕೊಡೆ ತೆಗೆದುಕೊಂಡು ಹೋದರು. ಚುವಾನ್ ಸೌಟಿನಿಂದ ಒಂದು ಹನಿ ಹಾಕಿಕೊಂಡು "ಸರಿಯಾಗೇ ಇದೆ, ಮುದುಕನಿಗೆ ವಯಸ್ಸಾಯ್ತು" ಅಂದ. ನನಗೂ ಒಂದು ಬಟ್ಟಲು ಕೊಟ್ಟ. ಕುಡಿದೆ. ನಂಬಿದೆ. ಅವನ ನಾಲಿಗೆಯನ್ನು ನಂಬದೆ ಯಾರನ್ನು ನಂಬಲಿ.

ಜುಲೈ 21, ಶುಕ್ರವಾರ

ಬೆಳಿಗ್ಗೆ ಸಾಲು ಇಲ್ಲ. ಪಾಳಿ ಬಿಟ್ಟವರು ಎದುರು ಓಣಿಯ ಬನ್ನಿನ ಅಂಗಡಿಗೆ ಹೋಗುತ್ತಿದ್ದಾರೆ. ಬೇಸಿಗೆ, ಬಿಸಿ ಸಾರು ಯಾರಿಗೆ ಬೇಕು ಅನ್ನುತ್ತಾನೆ ಚುವಾನ್. ಹೋದ ಬೇಸಿಗೆ ಸಾಲಿತ್ತು.

ಕಾರ್ಖಾನೆಯಲ್ಲಿ ಹೊಸ ಸುದ್ದಿ: ಇಪ್ಪತ್ತೈದು ವ್ಯಾಟೂ ಸಾಲದಂತೆ. ನಲವತ್ತರದ್ದು ಬರುತ್ತಿದೆ. ಈ ಸಲವೂ ಮಾದರಿ, ವೋಲ್ಟು, ನನ್ನ ಸಹಿ. 31ಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಫಾರಂ. ಹುವಾಮೇಯ್ ಕೇಳಿದಳು, "ಅಕ್ಕ, ನಿಮ್ಮ ನಾಲಿಗೆ ಹೇಗೆ ವಾಪಸ್ ಬಂತು? ಯಾವ ಡಾಕ್ಟರು?" ನಾಟಿ ಔಷಧಿ ಅಂದೆ. ವಿಳಾಸ ಕೇಳಿದಳು. ತಪ್ಪು ವಿಳಾಸ ಕೊಟ್ಟೆ.

ಜುಲೈ 30, ಭಾನುವಾರ. ಸಂಜೆ 5

ನಲವತ್ತರದ್ದು ತಂದಿದ್ದೆ. ಭಾರ ಇದೆ, ಕೈಗೆ ತಣ್ಣಗಿದೆ. ಒಳಗೆ ಪೀಚ್. ಏನು ರಸ ಅಂತ ಅವನಿಗೆ ಹೇಳಲಿಲ್ಲ.

3.5.

"ಗಾಳಿ ಇದು. ಏನೂ ಇಲ್ಲ."

3.8.

"ಏರಿಸು."

4.1. ಮಾರ್ಚಿನಲ್ಲಿ ಕಿಟಕಿಗೆ ಓಡಿಸಿದ್ದು. ಬೇರೆ ಯಂತ್ರ, ಬೇರೆ ಕಾಯಿಲ್, ಇರಲಿ ಅಂದುಕೊಂಡೆ. ಸೇದಿದ. ತಲೆ ಅಲ್ಲಾಡಿಸಿದ.

"ಇನ್ನೂ ಏರಿಸೇ. ಈ ಕಾಯಿಲ್ ಸರಿ ಇಲ್ಲ ಅನ್ಸುತ್ತೆ."

4.4. ಹೊಗೆ ಕಂದು ಬಣ್ಣಕ್ಕೆ ತಿರುಗಿತು. ಅವನ ಕಣ್ಣಲ್ಲಿ ನೀರು. ಬಗ್ಗಿ ಬಗ್ಗಿ ಕೆಮ್ಮಿದ, ಮೇಜು ಹಿಡಿದು ಕೆಮ್ಮಿದ. ಕೆಮ್ಮು ನಿಂತ ಮೇಲೆ ತಲೆ ಎತ್ತಿ ನನ್ನ ಮುಖ ನೋಡಿ ಅಂದ:

"ಹಾಂ… ಈಗ ಬಂತು. ಇದೇ ಸರಿ."

"ಏನು ರುಚಿ?"

ನನ್ನ ಮುಖವನ್ನೇ ನೋಡುತ್ತಿದ್ದ. ಲಾಯ್ ನೋಡಿದ್ದ ಹಾಗೆ.

"ಕಾಫಿ?" ಅಂದ.

ನಾನು ಡಬ್ಬಿ ಕಿತ್ತು ತೆಗೆದೆ. ಹತ್ತಿ ಕರಕಲಾಗಿತ್ತು, ಕೈಗೆ ಮಸಿ ಹತ್ತಿತು. ಅವನಿಗೆ ತೋರಿಸಿದೆ. ನೋಡಿದ.

"ಯಾವಾಗಿಂದ ಚುವಾನ್?"

"ದೋಣಿ ಹಬ್ಬಕ್ಕೆ ಮುಂಚೆ. ಮೇ ಕೊನೆ ಇರಬೇಕು." ಕಣ್ಣು ಒರೆಸಿಕೊಂಡು, "ನಿನಗೆ ಹೇಳಿದ್ರೆ ನೀನು ಫಾರಂ ಕೊಡೋದು ಹೇಗೆ?"

"ಎರಡು ತಿಂಗಳ ಫಾರಂ…"

"ಅಂದಾಜಿಗೆ ಹೇಳ್ತಿದ್ದೆ. ಹಳೇದು ನೆನಪಿತ್ತಲ್ಲ."

"ಸಾರಿಗೆ ಉಪ್ಪು? ಅದಕ್ಕೇನು ಮಾಡ್ತಿದ್ದೆ?"

"ಕೈ ಅಂದಾಜು. ಹಾಕಿ, ಮೊದಲ ಬಟ್ಟಲು ನಿನಗೆ ಕೊಡ್ತಿದ್ದೆ. ನೀನು ಪೂರ್ತಿ ಕುಡೀತಿದ್ದೆಯಲ್ಲ ಲಾನ್. ಒಂದು ದಿನವೂ ಮುಖ ಕಿವುಚಲಿಲ್ಲ. ಉಪ್ಪು ಹುಳಿ ನನಗೆ ಗೊತ್ತಾಗುತ್ತೆ ಅಂದಿದ್ದೆಯಲ್ಲ."

ಅವನು ನನ್ನನ್ನು ಬೈಯಲಿ ಅಂತ ಕಾದೆ. ಬೈಯಲಿಲ್ಲ. ನನಗೆ ಉಪ್ಪೂ ಗೊತ್ತಾಗುವುದಿಲ್ಲ ಅಂತ ಅವನಿಗೆ ಇನ್ನೂ ತಿಳಿದಿಲ್ಲ. ನಾನು ಇನ್ನೂ ಹೇಳಿಲ್ಲ.

ಜುಲೈ 31, ಸೋಮವಾರ. ಬೆಳಿಗ್ಗೆ 6.50

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಫಾರಂ ಪುಸ್ತಕದ ಅಡಿಯಲ್ಲಿದೆ. ಮಾದರಿಯ ಜಾಗದಲ್ಲಿ ಬರೆದೆ, ವೋಲ್ಟಿನ ಜಾಗ ಖಾಲಿ. ಒಂಬತ್ತಕ್ಕೆ ಲಾಯ್, ಹುವಾಮೇಯ್ ಇಬ್ಬರೂ ಕಾಳು ಹಿಡಿದು ಕಾಯುತ್ತಿರುತ್ತಾರೆ.

ಮೂರು ಜನ ಬಂದರು. ಇಬ್ಬರು ಅರ್ಧಕ್ಕೆ ಬಿಟ್ಟು ಹೋದರು. ಮಾಯ್ ದೊಡ್ಡಪ್ಪ ಎದುರು ಬದಿಯಿಂದ ನಡೆದು ಹೋದರು, ಈ ಕಡೆ ತಿರುಗಲಿಲ್ಲ. ಓಡಿಹೋಗಿ ಕೈ ಹಿಡಿದು ಕರೆತರಬೇಕು, ಒಂದು ಹನಿ ನೋಡಿ ಹೇಳಿ ದೊಡ್ಡಪ್ಪ ಅಂತ ಕೇಳಬೇಕು ಅನ್ನಿಸಿತು. ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಏಳಲಿ.

ಚುವಾನ್ ಹೊಸ ಹಂಡೆ ಇಳಿಸಿದ. ನಾಲ್ಕು ಗಂಟೆಗೇ ಎದ್ದು ಕುದಿಸಿದ್ದಾನೆ. ಒಂದು ಬಟ್ಟಲು ತುಂಬಿ ತಂದು ನನ್ನ ಮುಂದೆ ಇಟ್ಟು, ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಾನೆ.

"ಇವತ್ತು ಕಡಿಮೆ ಹಾಕಿದ್ದೀನಿ. ನೋಡಿ ಹೇಳು. ನಿಜ ಹೇಳು."

ಎರಡು ಸಲ ಕುಡಿದೆ. ನಿಂತೇ ಇದ್ದಾನೆ. ಬರೆಯೋದು ಆಮೇಲೆ, ಮೊದಲು ಹೇಳು ಅನ್ನುತ್ತಿದ್ದಾನೆ.

ಚುವಾನ್, ನನಗೆ